ಸೊಣ್ಣಪ್ಪ ಸತ್ತ ಸುದ್ದಿ

ನನ್ನ ಬಾಯಿ ದೊಡ್ಡದು ಅಂತ ಹೂಡಿಯೋರೆಲ್ಲ ಹೇಳ್ತಾರೆ. ಹೇಳ್ಕೊಳ್ಳಲಿ. ಎಂಟು ಮಂಚದ ಮನೇಲಿ ಕೆಲ್ಸ ಮಾಡೋಕೆ ಬಾಯಿ ಇಲ್ದೋರು ಬಂದ್ರೆ ಎರಡೇ ದಿನಕ್ಕೆ ಸೆರಗಲ್ಲಿ ಮೂಗೊರೆಸ್ಕೊಂಡು ವಾಪಸ್ ಹೋಗ್ತಾರೆ. ನಾನು ಮುನಿಯಕ್ಕ, ಆರು ವರ್ಷ ಇದ್ದೆ.

ಎಂಟು ಮಂಚದ ಮನೆ ಅನ್ನೋದು ನಾವಿಟ್ಟ ಹೆಸರು. ಬೋರ್ಡ್ ಮೇಲೆ ಇಂಗ್ಲೀಷಲ್ಲಿ ಏನೋ ಉದ್ದಕ್ಕೆ ಬರೆದಿತ್ತು, ನಮಗದು ಬಾಯಿಗೆ ಬರ್ತಿರಲಿಲ್ಲ. ಹೂಡಿಯಿಂದ ವೈಟ್‌ಫೀಲ್ಡ್ ಕಡೆಗೆ ಹೋಗೋ ದಾರೀಲಿ ಹಳೇ ಹೆಂಚಿನ ಮನೆ. ದೊಡ್ಡಾಸ್ಪತ್ರೆಯಲ್ಲಿ "ಇನ್ನು ನಮ್ಮ ಕೈಲಾಗಲ್ಲ, ಕರ್ಕೊಂಡೋಗಿ" ಅಂದಿರ್ತಾರಲ್ಲ, ಅಂಥೋರು, ಮನೇಲಿ ನೋಡ್ಕೊಳ್ಳೋರು ಇಲ್ದಿದ್ರೆ ಇಲ್ಲಿಗೆ ಬರೋರು. ನೋವಿಗೆ ಔಷಧಿ ಕೊಡೋದು, ಹುಣ್ಣು ತೊಳೆಯೋದು, ಗಂಜಿ ಕುಡಿಸೋದು, ಕೈ ಹಿಡ್ಕೊಂಡು ಕೂತ್ಕೊಳ್ಳೋದು, ಇಷ್ಟೇ ನಮ್ಮ ಕೆಲ್ಸ. ಊರೋರು ಮೊದಮೊದಲು ಆ ಗೇಟ್ ಮುಂದೆ ಮುಖ ತಿರುಗಿಸ್ಕೊಂಡು ಹೋಗೋರು. ಆಮೇಲಾಮೇಲೆ ಅವರೇ ಸೊಪ್ಪು, ರಾಗಿ ಹಿಟ್ಟು, ಹಾಲು ತಂದುಕೊಟ್ಟು, ಒಳಗೆ ಇಣುಕಿ, "ಯಾರಾದ್ರೂ ಹೋದ್ರಾ ಮುನಿಯಕ್ಕ?" ಅಂತ ಕೇಳಿ ಹೋಗೋರು. ಮಳೆ ಬಂತಾ ಅಂತ ಕೇಳ್ದಂಗೆ ಕೇಳೋರು ಕಣ್ರೀ.

ನಡೆಸ್ತಿದ್ದೋರು ಮರಿಯಮ್ಮನೋರು. ಮೂವತ್ತು ವರ್ಷ ನರ್ಸಾಗಿದ್ದು ರಿಟೈರಾದೋರು. ಅವರದ್ದು ಒಂದೇ ಕಟ್ಟಳೆ. "ಇಲ್ಲಿರೋರಿಗೆ ಸುಳ್ಳು ಹೇಳಬಾರದು. ಕೇಳಿದ್ರೆ ನಿಜ ಹೇಳು, ಕೇಳದಿದ್ರೆ ಸುಮ್ನಿರು." ಕೇಳಿದ್ರೆ ನಿಜ ಹೇಳೋದು ನಂಗೆ ಕಷ್ಟವಿರಲಿಲ್ಲ. ಸುಮ್ನಿರೋದು ಆರು ವರ್ಷವಾದ್ರೂ ಬರಲಿಲ್ಲ.

ಎಂಬತ್ನಾಲ್ಕನೇ ಇಸವಿ ಶುರುವಿನಲ್ಲಿ, ಅವರೆಕಾಯಿ ಕಾಲದಲ್ಲಿ, ಸೊಣ್ಣಪ್ಪ ಬಂದ. ಹೊಟ್ಟೇಲಿ ಗಡ್ಡೆ. ಹೆಂಡತಿ ತೀರ್ಕೊಂಡಿದ್ಳು, ಮಕ್ಕಳಿಲ್ಲ. ಪಕ್ಕದ ಮನೆಯೋರು ಆಟೋದಲ್ಲಿ ತಂದು ಇಳಿಸಿ ಹೋದ್ರು. "ಯಾರಿಗಾದ್ರೂ ತಿಳಿಸ್ಬೇಕಾ?" ಅಂತ ಮರಿಯಮ್ಮನೋರು ಕೇಳಿದ್ರೆ, "ಯಾರೂ ಇಲ್ಲ, ಬರ್ಕೊಳ್ಳಿ" ಅಂದ. ಡಾಕ್ಟ್ರು ನೋಡಿ, ಹೆಚ್ಚಂದ್ರೆ ಹದಿನೈದು ದಿನ ಅಂದ್ರು. ಅವನೂ ಕೇಳಿದ, ಅವನಿಗೂ ಅಷ್ಟೇ ಹೇಳಿದ್ರು. "ಸರಿ ಬಿಡಿ," ಅಂತ ಮಂಕಿ ಕ್ಯಾಪ್ ಕಿವಿವರೆಗೂ ಎಳ್ಕೊಂಡ.

ಸಾವಿಗೆ ಹೆದರದ ಈ ಮಹಾರಾಯ ಗಂಜಿ ವಿಷಯಕ್ಕೆ ಮಾತ್ರ ಸತ್ತೋಗೋನು. ಪಕ್ಕದ ಮಂಚದಲ್ಲಿ ನಲ್ಲಪ್ಪ ಅಂತ ಒಬ್ಬ, ಪೀಣ್ಯದಲ್ಲಿ ಲೇತ್ ಕೆಲ್ಸ ಮಾಡ್ತಿದ್ದೋನು. ಅವನಿಗೆ ಮೊದಲು ಗಂಜಿ ಕೊಟ್ರೆ ಸೊಣ್ಣಪ್ಪ ಕಂಬಳಿ ತಲೆ ಮೇಲೆ ಎಳ್ಕೊಂಡು ಬಿಡೋನು.

"ಯಾಕಣ್ಣ, ಮುನಿಸ್ಕೊಂಡ್ಯಾ?"

"ನಾನ್ಯಾಕೆ ಮುನಿಸ್ಕೊಳ್ಳಲಿ? ನಂಗೆ ಹಸಿವಿಲ್ಲ."

"ನಾಳೆಯಿಂದ ನಿಂಗೇ ಮೊದಲು ಕೊಡ್ತೀನಿ."

"ಹಸಿವು ಸ್ವಲ್ಪ ಇದೆ," ಅಂತ ಕಂಬಳಿ ಒಳಗಿಂದ.

ಹಿಂಗಿದ್ದೋನು ಒಂದು ಶುಕ್ರವಾರ ಬೆಳಗ್ಗೆ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಾಗ ಬಾಯಿ ಬಡ್ಕೊಂಡ. ಬಟ್ಟೆ ಹಿಂಡ್ತಾ ಇದ್ದೋಳು ಹಂಗೇ ಬಿಟ್ಟು ಓಡಿದೆ.

"ಕಾಗೆ! ಕಾಗೆ ತಲೆ ಮುಟ್ಟಿಬಿಡ್ತು ಮುನಿಯಕ್ಕ!"

ಕಾಗೆ ತಲೆ ಮುಟ್ಟಿದ್ರೆ ಸಾವು ಹತ್ರ ಅಂತ ನಮ್ಮ ಕಡೆ ನಂಬಿಕೆ. ನಾನು ಸೊಂಟಕ್ಕೆ ಕೈ ಕೊಟ್ಟು ನಿಂತೆ.

"ಅಲ್ಲಣ್ಣ, ಸಾಯೋಕೆ ಅಂತಾನೇ ಬಂದಿದ್ದೀಯ. ಇನ್ನು ಕಾಗೆ ಬಂದು ಹೊಸದಾಗಿ ಏನು ಹೇಳ್ಬೇಕು ನಿಂಗೆ?"

"ಡಾಕ್ಟ್ರು ಹೇಳಿದ ಸಾವೇ ಬೇರೆ, ಕಾಗೆ ಹೇಳಿದ ಸಾವೇ ಬೇರೆ. ಇದಕ್ಕೆ ದೋಷ ಕಳೀಬೇಕು."

"ಎಲ್ಲಿ ಮುಟ್ತು?"

"ಇಲ್ಲಿ," ಅಂತ ನೆತ್ತಿ ತೋರಿಸ್ದ. ನೆತ್ತಿ ಮೇಲೆ ಮಂಕಿ ಕ್ಯಾಪ್ ಇತ್ತು.

"ಟೋಪಿ ಮುಟ್ತಾ, ತಲೆ ಮುಟ್ತಾ?"

ಪಕ್ಕದ ಕುರ್ಚೀಲಿದ್ದ ನಲ್ಲಪ್ಪ ಮೆತ್ತಗೆ ಅಂದ, "ನಾನು ಇಲ್ಲೇ ಇದ್ನಲ್ಲ ಸೊಣ್ಣಪ್ಪ, ಕಾಗೆ ಕಾಣಲಿಲ್ಲ." ಸೊಣ್ಣಪ್ಪ ಅವನ ಕಡೆ ಹೆಂಗೆ ನೋಡಿದ ಅಂದ್ರೆ ನಲ್ಲಪ್ಪ ತಕ್ಷಣ, "ಬಂದಿರ್ಬೋದು, ನಾನು ಕಣ್ಣು ಮುಚ್ಕೊಂಡಿದ್ದೆ," ಅಂತ ತಿರುಗಿಕೊಂಡ.

ದೋಷ ಕಳೆಯೋದು ಹೆಂಗೆ ಅಂದ್ರೆ, ಹತ್ತಿರದ ಸಂಬಂಧಿಕರಿಗೆ "ಇಂಥೋರು ತೀರ್ಕೊಂಡ್ರು" ಅಂತ ಸುಳ್ಳು ಸುದ್ದಿ ಮುಟ್ಟಿಸ್ಬೇಕು. ಅವರು ನಿಜ ಅಂತ ನಂಬಿ ಅತ್ತರೆ ಆ ಕಣ್ಣೀರಿಗೆ ದೋಷ ತೊಳೆದು ಹೋಗುತ್ತೆ. ಅತ್ತಾದ ಮೇಲೆ "ಇಲ್ಲ ಕಣ್ರವ್ವ, ಕಾಗೆ ಮುಟ್ಟಿತ್ತು, ಬದುಕಿದ್ದಾರೆ" ಅಂತ ಹೇಳಿ, ಬೈಸ್ಕೊಂಡು ಬರೋದು. ನಮ್ಮತ್ತೆ ಬದುಕಿದ್ದಾಗ ಮೂರು ಸಲ ಸತ್ತಿದ್ರು.

"ನಿಂಗೆ ಯಾರೂ ಇಲ್ಲ ಅಂತ ಬರೆಸಿದ್ಯಲ್ಲ. ಅಳೋರು ಯಾರು?" ಅಂದೆ.

ಟೋಪಿ ಸರಿ ಮಾಡ್ಕೊಂಡ. "ಮಾಕಳೀಲಿ ನಮ್ಮಕ್ಕ ಇದ್ದಾಳೆ. ಅನುಸೂಯಮ್ಮ ಅಂತ."

ಆಮೇಲೆ ಕತೆ ಹೊರಗೆ ಬಂತು. ಇವನಿಗೆ ಎರಡು ವರ್ಷ ಇದ್ದಾಗಲೇ ಅವ್ವ ಹೋಗಿ, ಆ ಅಕ್ಕನೇ ಸೊಂಟದ ಮೇಲೆ ಹೊತ್ತು ಸಾಕಿದೋಳು. ಹನ್ನೊಂದು ವರ್ಷದ ಹಿಂದೆ ಅಕ್ಕನ ಮಗಳ ಮದ್ವೆ. ಹಿಂದಿನ ರಾತ್ರಿ ಊಟಕ್ಕೆ ಗಂಡಿನ ಕಡೆಯೋರನ್ನ ಮೊದಲನೇ ಪಂಕ್ತೀಲಿ ಕೂರಿಸಿ, ಇವನಿಗೆ "ನೀನು ಮನೆಯೋನು, ಆಮೇಲೆ ಕೂತ್ಕೋ" ಅಂದಿದ್ದಾರೆ. ಅಷ್ಟೇ ರೀ! ಅಷ್ಟಕ್ಕೇ ಈಯಪ್ಪ ಚಪ್ಪಲಿ ಮೆಟ್ಕೊಂಡು ಹೂಡಿಗೆ ಹೊರಟುಬಿಟ್ಟ. ಬೆಳಗ್ಗೆ ಮುಹೂರ್ತಕ್ಕೆ ಹೆಣ್ಣನ್ನ ಹಸೆಮಣೆಗೆ ಕರ್ಕೊಂಡು ಬರೋಕೆ ಸೋದರಮಾವ ಬೇಕು. ಒಬ್ಬನೇ ಸೋದರಮಾವ ಇಲ್ಲ. ಅಕ್ಕ ಬಾಗಿಲಲ್ಲಿ ನಿಂತು ನಿಂತು, ಕೊನೆಗೆ ಪಕ್ಕದ ಮನೆಯೋನ ಕೈಲಿ ಆ ಶಾಸ್ತ್ರ ಮಾಡಿಸಿದ್ಳಂತೆ. ಅವತ್ತಿಂದ ಮಾತಿಲ್ಲ, ಕತೆಯಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕು ಇಂಥೋರಿಗೆ.

ಮರಿಯಮ್ಮನೋರು ಇದನ್ನ ಕೇಳಿ ನಕ್ಕು ನಕ್ಕು ಕನ್ನಡಕ ತೆಗೆದು ಒರೆಸ್ಕೊಂಡ್ರು. ಆಮೇಲೆ ಗಂಭೀರವಾಗಿ, "ಸೊಣ್ಣಪ್ಪ, ಇವತ್ತೇ ಒಂದು ಕಾರ್ಡ್ ಬರೀತೀನಿ. ಹುಷಾರಿಲ್ಲ, ಬಂದು ನೋಡಿ ಹೋಗಿ ಅಂತ. ಸತ್ತಿದ್ದೀರ ಅಂತ ಮಾತ್ರ ಬರೆಯಲ್ಲ," ಅಂದ್ರು.

"ಬರೀಕೂಡದು! ನಾನು ಬಾ ಅಂತ ಕರೆಯೋದಾ? ತಲೆ ಹೋದ್ರೂ ಆಗಲ್ಲ."

"ಸತ್ತೆ ಅಂತ ಹೇಳಿಸ್ತೀರ, ಬಾ ಅಂತ ಹೇಳ್ಸಲ್ವಾ?"

"ಸತ್ತೆ ಅನ್ನೋಕೆ ಏನಮ್ಮ ನಾಚಿಕೆ?" ಅಂದ.

ರಾತ್ರಿ ಬೆನ್ನು ಒರೆಸ್ತಿದ್ದಾಗ ನನ್ನ ಕೈ ಹಿಡ್ಕೊಂಡ. ಬೆರಳೆಲ್ಲ ಮೂಳೆ. "ಮುನಿಯಕ್ಕ, ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನಂಗೋಸ್ಕರ ಒಂದು ಸುಳ್ಳು ಹೇಳಲ್ವಾ? ಅಳ್ತಾಳೋ ಇಲ್ವೋ, ಅಷ್ಟು ನೋಡ್ಕೊಂಡು ಬಂದು ಹೇಳು ಸಾಕು." ಅವಾಗ ನಂಗೆ ಗೊತ್ತಾಯ್ತು. ಈಯಪ್ಪಂಗೆ ದೋಷನೂ ಬೇಕಿಲ್ಲ, ಗೀಷನೂ ಬೇಕಿಲ್ಲ. ತಾನು ಹೋದ್ರೆ ಅಕ್ಕನ ಕಣ್ಣಲ್ಲಿ ಒಂದು ಹನಿ ಬರುತ್ತಾ ಅನ್ನೋದು ಹೋಗೋ ಮುಂಚೆ ತಿಳಿಬೇಕಿತ್ತು. ನಂಗೆ ಸಂಕಟ ಆಯ್ತು. ಸಂಕಟ ಆದ್ರೆ ನಾನು ಬೈತೀನಿ. ಚೆನ್ನಾಗಿ ಬೈದು, ಹೋಗ್ತೀನಿ ಅಂತ ಒಪ್ಕೊಂಡೆ.

ಭಾನುವಾರ ನಂಗೆ ರಜಾ. ಹೂಡಿಯಿಂದ ಕೆ.ಆರ್. ಪುರ, ಅಲ್ಲಿಂದ ಮೆಜೆಸ್ಟಿಕ್, ಅಲ್ಲಿಂದ ತುಮಕೂರು ರಸ್ತೆ ಬಸ್ಸು. ಪೀಣ್ಯದ ಫ್ಯಾಕ್ಟರಿಗಳು ದಾಟೋವರೆಗೂ ನಿಂತೇ ಹೋದೆ. ದಾರಿಯುದ್ದಕ್ಕೂ ಅಳೋದನ್ನ ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದ ಹೆಂಗಸು, "ಯಾಕಮ್ಮ, ಹಲ್ಲು ನೋವಾ?" ಅಂದ್ಳು.

ಮಾಕಳೀಲಿ ಇಳಿಯೋ ಹೊತ್ತಿಗೆ ಮಧ್ಯಾಹ್ನ. ಗಂಟಲು ಒಣಗಿ ಕಟ್ಟಿಗೆ ಆಗಿತ್ತು. ಮನೆ ಹುಡುಕ್ಕೊಂಡು ಹೋದ್ರೆ ಜಗಲಿ ಮೇಲೆ ಒಬ್ಬ ಮುದುಕಿ, ಮುಂದೆ ಮೊರ, ಪಕ್ಕದಲ್ಲಿ ಅವರೆಕಾಯಿ ರಾಶಿ. ಸೊಣ್ಣಪ್ಪನ ಮೂಗೇ ಅವಳ ಮುಖದ ಮೇಲೂ ಕೂತಿತ್ತು.

"ಅನುಸೂಯಮ್ಮನೋರಾ?"

"ಊಂ ಕಣಮ್ಮ. ಎಲ್ಲಿಂದ ಬಂದ್ಯೋ, ಮುಖ ಬಾಡೋಗಿದೆ. ಒಳಗೆ ಬಾ, ಮಜ್ಜಿಗೆ ಕುಡಿ."

ಹೋದೆ ರೀ. ಹೊಸಲು ದಾಟಿ ಒಳಗೆ ಹೋಗಿ, ಚಾಪೆ ಮೇಲೆ ಕೂತು, ಉಪ್ಪು ಕೊತ್ತಂಬರಿ ಹಾಕಿದ ಮಜ್ಜಿಗೆ ಒಂದು ಚೊಂಬು ಪೂರ್ತಿ ಕುಡಿದೆ. ಅವಳು ಮೊರ ಒಳಗೆ ತಂದು ಎದುರಿಗೇ ಸುಲೀತಾ ಕೂತ್ಳು. "ಅವರೆಕಾಯಿ ಸೊಗಡು ಚೆನ್ನಾಗಿದೆ, ನಿಮ್ಮ ಹೊಲದ್ದಾ?" ಅಂತಾನೂ ಕೇಳಿದೆ. ಇಷ್ಟೆಲ್ಲ ಆದ್ಮೇಲೆ ಬಂದ ಕೆಲ್ಸ ನೆನಪಾಗಿ, ಸೆರಗು ಬಾಯಿಗೆ ಒತ್ಕೊಂಡು, "ಏನಂತ ಹೇಳ್ಲಿ ತಾಯೀ, ನಿಮ್ಮ ತಮ್ಮ ಸೊಣ್ಣಪ್ಪ ಹೋಗ್ಬಿಟ್ರು!" ಅಂತ ರಾಗ ತೆಗೆದೆ.

ಕಾಯಿ ಸುಲಿಯೋ ಕೈ ನಿಂತಿತು. ಒಂದು ಗಳಿಗೆ ನನ್ನನ್ನೇ ನೋಡಿದ್ಳು. ಆಮೇಲೆ ಖಾಲಿ ಚೊಂಬು ನೋಡಿದ್ಳು. ಮತ್ತೆ ಸುಲಿಯೋಕೆ ಶುರು ಮಾಡಿದ್ಳು.

"ಕಾಗೆ ಮುಟ್ತಾ?"

"ಆಂ?"

"ಸಾವಿನ ಸುದ್ದಿ ತಂದೋರು ಬೀದೀಲೇ ನಿಂತು ಹೇಳಿ, ನೀರೂ ಮುಟ್ಟದೆ ಹೋಗ್ತಾರೆ ಕಣಮ್ಮ. ನೀನು ಒಳಗೆ ಬಂದು ಚೊಂಬು ಮಜ್ಜಿಗೆ ಕುಡಿದಿದ್ದೀಯ. ಯಾವೂರೋಳು ನೀನು, ಇಷ್ಟೂ ಗೊತ್ತಿಲ್ಲದೆ ಸುಳ್ಳು ಹೇಳೋಕೆ ಹೊರಟಿದ್ದೀಯಲ್ಲ?"

ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಗೊತ್ತಿಲ್ದೆ ಏನು, ನಂಗೆ ಹುಟ್ಟಿದಾಗಿಂದ ಗೊತ್ತು! ನಮ್ಮೂರಲ್ಲೂ ಅದೇ ಪದ್ಧತಿ. ಬಾಯಾರಿಕೆ ಮುಂದೆ ಮರೆತೇ ಹೋಯ್ತು. ಇನ್ನೇನು ಮಾಡ್ಲಿ, ಇದ್ದದ್ದು ಇದ್ದಂಗೆ ಹೇಳಿದೆ. ಹೊಟ್ಟೇಲಿ ಗಡ್ಡೆ, ಎಂಟು ಮಂಚದ ಮನೆ, ಡಾಕ್ಟ್ರು ಕೊಟ್ಟ ಹದಿನೈದು ದಿನದಲ್ಲಿ ಆರು ಆಗಲೇ ಕಳೆದಿರೋದು, ಎಲ್ಲ. ಅವಳು ತಲೆ ಎತ್ತಲೇ ಇಲ್ಲ.

"ಅಳ್ತೀನಾ ಅಂತ ನೋಡ್ಕೊಂಡು ಬಾ ಅಂದ್ನಾ?"

"ಊಂ."

"ಅಳಲಿಲ್ಲ ಅಂತ ಹೇಳು."

ನಂಗೆ ಮೈಯೆಲ್ಲ ಉರಿದೋಯ್ತು. "ಏನು ಹೆಂಗಸಮ್ಮ ನೀನು? ಎತ್ತಿ ಆಡಿಸಿದ ತಮ್ಮ ಅಲ್ಲಿ ಸಾಯ್ತಾ ಬಿದ್ದಿದ್ದಾನೆ, ನೀನಿಲ್ಲಿ ಅವರೆಕಾಯಿ ಲೆಕ್ಕ ಹಾಕ್ತಾ ಕೂತಿದ್ದೀಯ!" ಅಂತ ಬೈದು, ಚಪ್ಪಲಿ ಮೆಟ್ಕೊಂಡು, ತಿರುಗಿ ನೋಡದೆ ಬಸ್ ಸ್ಟಾಪಿಗೆ ಬಂದೆ. ಬಸ್ಸಲ್ಲಿ ನಿಜವಾಗಲೂ ಅಳು ಬಂತು. ಈಗ ಯಾರೂ ಹಲ್ಲು ನೋವಾ ಅಂತ ಕೇಳಲಿಲ್ಲ.

ವಾಪಸ್ ಬಂದಾಗ ಸಂಜೆ ದೀಪ ಹಚ್ಚಿದ್ರು. ಎಂಟು ಮಂಚದಲ್ಲಿ ಎಚ್ಚರ ಇದ್ದೋರೆಲ್ಲ ಬಾಗಿಲ ಕಡೆಗೇ ಮುಖ ಮಾಡ್ಕೊಂಡಿದ್ರು. ಸೊಣ್ಣಪ್ಪ ದಿಂಬಿಗೆ ಒರಗಿ, ಗಡ್ಡ ತೆಗೆಸ್ಕೊಂಡು, ಮದ್ವೆ ಗಂಡಿನಂಗೆ ಕೂತಿದ್ದ.

"ಮಾಕಳಿ ಬಸ್ಸಲ್ಲಿ ಏನು ಜನ ಅಂತೀಯಣ್ಣ, ಕಾಲಿಡೋಕೂ..."

"ಅತ್ತಳಾ?"

"ಪೀಣ್ಯ ಹತ್ರ ಒಂದು ಲಾರಿ ಅಡ್ಡ ನಿಂತು..."

"ಮುನಿಯಕ್ಕ. ಅತ್ತಳಾ?"

ಬಾಗಿಲಲ್ಲಿ ಮರಿಯಮ್ಮನೋರು ನಿಂತಿದ್ರು. ಬೇಡ ಅನ್ನಲಿಲ್ಲ, ಹೇಳು ಅನ್ನಲಿಲ್ಲ. ಹೂಂ ಅತ್ತಳು, ಎದೆ ಬಡ್ಕೊಂಡು ಅತ್ತಳು ಅಂತ ಅಂದ್ರೆ ನಂಗೇನು ಗಂಟು ಹೋಗ್ತಿತ್ತು? ನಾಲಿಗೆ ತುದಿವರೆಗೂ ಬಂದಿತ್ತು. ಆದ್ರೆ ಅವನ ಮುಖ ನೋಡ್ಕೊಂಡು ಆಗಲಿಲ್ಲ.

"ಇಲ್ಲ ಕಣಣ್ಣ. ಅಳಲಿಲ್ಲ. ನಂದೇ ತಪ್ಪು, ಮಜ್ಜಿಗೆ ಕುಡಿದುಬಿಟ್ಟೆ. ಸುಳ್ಳು ಅಂತ ಗೊತ್ತಾಗೋಯ್ತು."

"ಬದುಕಿದ್ದೀನಿ ಅಂತ ಗೊತ್ತಾಗಿ ಏನಂದ್ಳು?"

"ಅಳಲಿಲ್ಲ ಅಂತ ಹೇಳು ಅಂದ್ಳು."

ಗೋಡೆ ಕಡೆ ತಿರುಗಿ ಮಲಗಿದ. ಮಾರನೇ ದಿನ ಗಂಜಿ ಮೊದಲು ಅವನಿಗೇ ಕೊಟ್ಟೆ, ಬಾಯಿ ತೆಗೀಲಿಲ್ಲ. ಅದರ ಮಾರನೇ ದಿನವೂ ಇಲ್ಲ. ನಲ್ಲಪ್ಪ, "ನಂದೂ ನೀನೇ ಕುಡಿಯಪ್ಪ, ನಾನು ಮುನಿಸ್ಕೊಳ್ಳಲ್ಲ," ಅಂತ ಪುಸಲಾಯಿಸ್ದ. ಊಹೂಂ. ನಾನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಆ ಮಜ್ಜಿಗೆಗೂ, ಅದನ್ನ ಕೊಟ್ಟೋಳಿಗೂ, ಕುಡಿದ ನನಗೂ ಶಾಪ ಹಾಕಿದೆ. ಮರಿಯಮ್ಮನೋರು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ್ಕೊಂಡು, "ಮುನಿಯಕ್ಕ, ನೀನು ಸುಳ್ಳು ಹೇಳೋಕೆ ಲಾಯಕ್ಕಿಲ್ಲದೋಳು. ಅದಕ್ಕೇ ನಿನ್ನ ಇಲ್ಲಿ ಇಟ್ಕೊಂಡಿರೋದು," ಅಂದ್ರು. ಹೊಗಳಿದ್ರೋ ಬೈದ್ರೋ ಇವತ್ತಿಗೂ ಗೊತ್ತಿಲ್ಲ.

ಬುಧವಾರ ಮಧ್ಯಾಹ್ನ ಗಂಜಿ ಬಡಿಸೋ ಹೊತ್ತಿಗೆ ಗೇಟ್ ಕಿರುಗುಟ್ತು. ನೋಡ್ತೀನಿ, ಅನುಸೂಯಮ್ಮ! ಒಂದು ಕೈಲಿ ಬಟ್ಟೆ ಗಂಟು, ಇನ್ನೊಂದು ಕೈಲಿ ಮುಚ್ಚಳ ಹಾಕಿದ ತೂಕುಬಕೆಟ್ಟು. ನನ್ನ ನೋಡಿ, "ಬೈಯೋಳು ನೀನೇ ಅಲ್ವಾ? ಎಲ್ಲಿ ಅವನು ಸತ್ತೋನು?" ಅಂದ್ಳು.

ತೋರಿಸಿದೆ. ಮಂಚದ ಕಾಲ ಹತ್ರ ಹೋಗಿ ನಿಂತ್ಳು. ಸೊಣ್ಣಪ್ಪ ಗೋಡೆ ಕಡೆ ಮುಖ ಮಾಡಿದ್ದೋನು ತಿರುಗಿದ. ನೋಡಿದ. ಕಂಬಳಿ ತಲೆ ಮೇಲೆ ಎಳ್ಕೊಂಡ.

"ಏಯ್, ತೆಗೆಯೋ ಅದನ್ನ. ಮೂರು ಬಸ್ ಹತ್ತಿ ಕಂಬಳಿ ನೋಡೋಕೆ ಬಂದಿಲ್ಲ ನಾನು."

"ಯಾರು ಕರೆದ್ರು ನಿನ್ನ?" ಅಂತ ಒಳಗಿಂದ.

"ಸತ್ತೋನು ಮಾತಾಡ್ತಾನೆ ನೋಡ್ರಮ್ಮ!" ಅಂತ ನಮ್ಮ ಕಡೆ ತಿರುಗಿ ಹೇಳಿ, ಕಂಬಳಿ ಕಿತ್ತು ಕಾಲ ಹತ್ರ ಎಸೆದ್ಳು. ಎಸೆದ ಕೈ ಹಂಗೇ ನಿಂತು ಹೋಯ್ತು. ತಮ್ಮ ಹೆಂಗಾಗಿದ್ದಾನೆ ಅಂತ ಆಗಲೇ ಕಂಡಿದ್ದು ಅವಳಿಗೆ. ಎದೆಗೂಡು, ಉಬ್ಬಿದ ಹೊಟ್ಟೆ, ಕಡ್ಡಿ ಕಾಲು. ನಾನು ಸ್ಟೂಲ್ ತಂದು ಹಿಂದೆ ಇಟ್ಟೆ, ಕೂತ್ಕೊಂಡ್ಳು.

ಬಕೆಟ್ಟಲ್ಲಿ ಹಿತಕಿದ ಅವರೆಬೇಳೆ ಸಾರು. ಅವತ್ತು ಮೊರದಲ್ಲಿದ್ದ ಕಾಯೇ, ಒಂದೊಂದೇ ಕಾಳು ಹಿತಕಿ ಸಿಪ್ಪೆ ತೆಗೆದಿದ್ಳು. ನಾನು ತಟ್ಟೇಲಿ ಅನ್ನ ತಂದುಕೊಟ್ಟೆ, ಅವಳು ಮೆತ್ತಗೆ ಕಲೆಸಿ ಒಂದು ತುತ್ತು ಅವನ ಬಾಯಿ ಹತ್ರ ಹಿಡಿದ್ಳು.

"ತಿನ್ನೋ. ಮೊದಲನೇ ಪಂಕ್ತಿ ಇದು. ಇನ್ನೂ ಯಾರಿಗೂ ಬಡಿಸಿಲ್ಲ."

ವಾರ್ಡೆಲ್ಲ ನಕ್ಕುಬಿಡ್ತು. ನಲ್ಲಪ್ಪ ಕೆಮ್ಮಿ ಕೆಮ್ಮಿ ನಕ್ಕ. ಸೊಣ್ಣಪ್ಪ ಬಾಯಿ ತೆಗೆದ. ಎರಡು ತುತ್ತು ಇಳೀತು, ಮೂರನೇದಕ್ಕೆ ಆಗಲಿಲ್ಲ. ಅವಳು ಬಲವಂತ ಮಾಡ್ಲಿಲ್ಲ, ಸೆರಗಲ್ಲಿ ಅವನ ಬಾಯಿ ಒರೆಸಿದ್ಳು.

"ನಾನು ಅವತ್ತು ಹೋಗಬಾರದಿತ್ತು ಕಣಕ್ಕ," ಅಂದ ಸೊಣ್ಣಪ್ಪ. "ಮಗೂನ ಹಸೆಮಣೆಗೆ ಕರ್ಕೊಂಡು ಬರಬೇಕಾದೋನು ನಾನು. ಕಲಾಸಿಪಾಳ್ಯದವರೆಗೂ ಹೋಗಿ ರಾತ್ರಿಯೆಲ್ಲ ಬಸ್ ಸ್ಟ್ಯಾಂಡಲ್ಲಿ ಕೂತಿದ್ದೆ. ವಾಪಸ್ ಹೋಗೋಣ ಹೋಗೋಣ ಅನ್ಕೊಂಡೇ ಬೆಳಗಾಯ್ತು."

"ಹಾಳು ಮುಂಡೇದು. ಬಂದಿದ್ರೆ ನಾನು ಬಾಗಿಲಲ್ಲೇ ಇದ್ನಲ್ಲೋ," ಅಂದ್ಳು ಅವಳು. ಆಮೇಲೆ, "ಈಗಲಾದ್ರೂ ಹುಷಾರಿಲ್ಲ, ಬಾ ಅಂತ ಒಂದು ಮಾತು ಹೇಳಿ ಕಳಿಸೋಕೆ ಏನಾಗಿತ್ತು ನಿಂಗೆ?"

"ಬಾ ಅಂದಿದ್ರೆ ಬರ್ತಿದ್ಯಾ?"

ನಾನು ಗಂಜಿ ಸೌಟು ಹಿಡ್ಕೊಂಡು ನಿಂತಲ್ಲೇ ಮನಸ್ಸಲ್ಲೇ ಅವಳನ್ನ ಬೇಡ್ಕೊಂಡೆ. ಬರ್ತಿದ್ದೆ ಅನ್ನು ತಾಯೀ, ಅನ್ನು, ನಿನ್ನ ಗಂಟೇನು ಹೋಗುತ್ತೆ? ಅವಳು ತಟ್ಟೇನ ಪಕ್ಕಕ್ಕೆ ಸರಿಸಿದ್ಳು.

"ಇಲ್ಲ ಕಣೋ," ಅಂದ್ಳು. "ಬರ್ತಿರಲಿಲ್ಲ. ಅಷ್ಟು ಕೋಪ ಇತ್ತು. ನೀನು ನಿಜವಾಗಲೂ ಸತ್ತಿದ್ದಿದ್ರೂ ಮನೇಲೇ ಕೂತು ಅತ್ಕೊಂಡು ಸುಮ್ನಾಗ್ತಿದ್ನೋ ಏನೋ. ಆದ್ರೆ ನಾನು ಅಳ್ತೀನೋ ಇಲ್ವೋ ಅಂತ ತಿಳ್ಕೊಳ್ಳೋಕೆ ಸತ್ತೆ ಅಂತಾನೂ ಹೇಳಿಸ್ದ್ಯಲ್ಲೋ ನೀನು..."

ಅನ್ನ ಮೆತ್ತಿದ ಕೈ ಹಂಗೇ ಮಡಿಲಲ್ಲಿಟ್ಕೊಂಡು ಅಳೋಕೆ ಶುರು ಮಾಡಿದ್ಳು. ಸಣ್ಣ ಅಳುವಲ್ಲ. ಅಂಗಳದಲ್ಲಿ ಸೊಪ್ಪು ಕೊಡೋಕೆ ಬಂದಿದ್ದ ಹೆಂಗಸರು ಯಾರು ಹೋದ್ರಪ್ಪ ಅಂತ ಒಳಗೆ ಓಡಿ ಬಂದ್ರು.

"ಅಳಬೇಡ ಕಣಕ್ಕ," ಅಂದ ಸೊಣ್ಣಪ್ಪ.

ಕೇಳಿದ್ರಾ! ಅಳಲಿ ಅಂತ ನನ್ನ ಮೂರು ಬಸ್ ಹತ್ತಿಸಿದ ಮಹಾರಾಯ! ಬಾಯಿ ತೆಗೆದು ಬೈಬೇಕು ಅನ್ನಿಸ್ತು, ಸೆರಗಲ್ಲಿ ಮೂಗೊರೆಸ್ಕೊಂಡೆ.

"ನೀನು ಬಾಯಿ ಮುಚ್ಕೊಂಡು ಬಿದ್ಕೋ," ಅಂದ್ಳು ಅವಳು ಅಳ್ತಾನೇ. "ಅಳೋಕೆ ಬಿಡು ನನ್ನ. ನೀನು ಹೋದ್ಮೇಲೆ ಅತ್ತರೆ ನಿಂಗೆಲ್ಲಿ ಕಾಣುತ್ತೆ?"

ಸೊಣ್ಣಪ್ಪ ಬಾಯಿ ಮುಚ್ಚಿ, ಅಕ್ಕನ ಮುಖಾನೇ ನೋಡ್ತಾ ಮಲಗಿದ್ದ.